ಅನರ್ಥಕ್ಕೆ ಎಂಟು ದಶಕ

ಧಾರವಾಡ ಕಡೆಯ ಹೈಸ್ಕೂಲುಗಳಲ್ಲಿ ಬೆಳಗಿನ ಹಾಜರಿ ಎಂದರೆ ಅರ್ಧ ಸಂತೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ತುಪ್ಪದ, ಎಣ್ಣಿ, ಸಕ್ರಿ, ಅಂಗಡಿ. ‘ಎಣ್ಣಿ ಬಂದಿಲ್ರೀ ಸರ್’ ಎಂದು ಹಿಂದಿನ ಬೆಂಚು ಕೂಗಿದರೆ ‘ಹಂಗಾರ ಇವತ್ತ ಒಗ್ಗರಣಿ ಇಲ್ಲ ಬಿಡ್ರಿ’ ಎನ್ನದ ಮಾಸ್ತರರು ಆ ಸೀಮೆಯಲ್ಲಿ ವಿರಳ. ಮಾಸ್ತರರು ರಿಟೈರಾಗುತ್ತಾರೆ, ಜೋಕು ಸರ್ವಿಸಿನಲ್ಲೇ ಇರುತ್ತದೆ. ಮೆಣಸಿನಕಾಯಿಯವರ ಮಗಳನ್ನು ಬೆಲ್ಲದವರ ಮನೆಗೆ ಕೊಟ್ಟರೆ ಲಗ್ನಪತ್ರಿಕೆ ಓದುವಾಗಲೇ ಅರ್ಧ ಊಟವಾಗುತ್ತದೆ. ಹೊಸಮನಿಯವರು ಹಳೇಮನಿಯಲ್ಲಿ ಬಾಡಿಗೆಗಿರುವುದು, ದೊಡ್ಡಮನಿಯವರಿಗೆ ಸೈಟೇ ಇಲ್ಲದಿರುವುದು, ಮೂಲಿಮನಿಯವರ ಮನೆ ಓಣಿಯ ನಟ್ಟನಡುವೆ ಇರುವುದು ಎಲ್ಲವೂ ಅಲ್ಲಿ ದಿನನಿತ್ಯದ ಸಂಗತಿ.

ಹೆಸರಿಗೋ ಪದಕ್ಕೋ ಇಲ್ಲದ ಅರ್ಥ ಹಚ್ಚಿ ನಗುವ ಈ ಚಾಳಿ ಕನ್ನಡದಲ್ಲಿ ಎಂದಿನದು ಎಂದು ಹುಡುಕಹೊರಟರೆ ದಾರಿ ಬಹಳ ಹಿಂದಕ್ಕೆ ಹೋಗುತ್ತದೆ. ನಾವು ಅಷ್ಟು ದೂರ ಹೋಗುವುದಿಲ್ಲ. ಚಾಳಿ ಅಚ್ಚಿನ ಮನೆಗೆ ಬಂದು, ಅದಕ್ಕೊಂದು ಹೆಸರು, ಒಂದು ಕುರ್ಚಿ ಸಿಕ್ಕ ಕಾಲದಿಂದ ಲೆಕ್ಕ ಹಿಡಿಯೋಣ. ಆ ಕಾಲ 1942. ಮನೋವೈದ್ಯ ಡಾ. ಎಂ. ಶಿವರಾಂ, ಅಂದರೆ ‘ರಾಶಿ’, ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆಯನ್ನು ಶುರು ಮಾಡಿದ ವರ್ಷ. ಅಲ್ಲಿಂದ ಇಲ್ಲಿಗೆ ಎಂಟು ದಶಕ ದಾಟಿದೆ. ಜಮಾ ಎಷ್ಟು, ಖರ್ಚು ಎಷ್ಟು, ಬಾಕಿ ಎಷ್ಟು?

ಜಮಾದ ಮೊದಲ ಸಾಲಿನಲ್ಲಿ ನಾ. ಕಸ್ತೂರಿಯವರ ‘ಅನರ್ಥಕೋಶ’ ಬರಬೇಕು. ಹುಟ್ಟಿದ್ದು ಕೇರಳದಲ್ಲಿ, ಮನೆಮಾತು ಮಲಯಾಳಂ, ಮೈಸೂರಿನಲ್ಲಿ ಕಲಿಸಿದ್ದು ಇತಿಹಾಸ. ನಗಿಸಿದ್ದು ಮಾತ್ರ ಕನ್ನಡದಲ್ಲಿ. ಶಬ್ದಕೋಶದ ಗಂಭೀರ ಮುಖವನ್ನೇ ಇಟ್ಟುಕೊಂಡು, ಅಕಾರಾದಿಯಾಗಿ ಪದ ಕೊಟ್ಟು, ಪಕ್ಕದಲ್ಲಿ ಯಾವ ಪಂಡಿತನೂ ಒಪ್ಪದ, ಆದರೆ ಯಾವ ಸಂಸಾರಸ್ಥನೂ ಅಲ್ಲಗಳೆಯಲಾಗದ ಅರ್ಥ ಬರೆಯುವುದು ಅವರ ವಿದ್ಯೆ. ಅಮೆರಿಕದಲ್ಲಿ ಆಂಬ್ರೋಸ್ ಬಿಯರ್ಸ್ 1911ರಲ್ಲಿ ತನ್ನ ‘ಸೈತಾನನ ನಿಘಂಟು’ ತಂದಿದ್ದ, ನಿಜ. ಆದರೆ ಬಿಯರ್ಸನದು ಕಹಿ. ಅವನಿಗೆ ಮನುಷ್ಯರ ಮೇಲೇ ಸಿಟ್ಟು. ಕಸ್ತೂರಿಯವರ ಕಣ್ಣು ಪದದ ಮೇಲೆ. ಪದವನ್ನು ಮುರಿದು ಒಳಗೆ ಇನ್ನೊಂದು ಪದ ಅಡಗಿದೆಯೇ ಎಂದು ನೋಡುವ ಹುಡುಗಾಟ ಅವರದು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಆರಂಭಿಸಿದ ಬಾನುಲಿ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಸೂಚಿಸಿದವರೂ ಕಸ್ತೂರಿಯವರೇ ಎಂದು ಮೈಸೂರಿಗರು ಇಂದಿಗೂ ಹೇಳುತ್ತಾರೆ. ಆ ಹೆಸರು ಮುಂದೆ ಇಡೀ ದೇಶದ ರೇಡಿಯೊಗೆ ಅಂಟಿಕೊಂಡಿತು. ಒಂದೇ ಕೈ ಅರ್ಥವನ್ನೂ ಅನರ್ಥವನ್ನೂ ಹೊಸೆಯಬಲ್ಲದು ಎಂಬುದಕ್ಕೆ ಮೈಸೂರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಕೊರವಂಜಿ ಇಪ್ಪತ್ತೈದು ವರ್ಷ ನಡೆದು 1967ರಲ್ಲಿ ನಿಂತಿತು. ಆರ್.ಕೆ. ಲಕ್ಷ್ಮಣ್ ಮುಂಬಯಿಗೆ ಹೋಗಿ ದೊಡ್ಡವರಾಗುವ ಮೊದಲು ಅದಕ್ಕೆ ಚಿತ್ರ ಬರೆದರು. ಟಿ. ಸುನಂದಮ್ಮ ಅದರಲ್ಲಿ ಬರೆಯುತ್ತಲೇ ಹೆಂಗಸರಿಗೆ ಹಾಸ್ಯ ಒಲಿಯದು ಎಂಬ ಮಾತಿನ ಬಾಯಿ ಮುಚ್ಚಿಸಿದರು. 1983ರಲ್ಲಿ ‘ಅಪರಂಜಿ’ ಅದರ ವಾರಸುದಾರಿಕೆ ವಹಿಸಿಕೊಂಡಿತು. ವಿಚಿತ್ರವೆಂದರೆ ಅದೇ 1983ರಲ್ಲಿ ಇಂಗ್ಲೆಂಡಿನಲ್ಲಿ ಡಗ್ಲಸ್ ಆಡಮ್ಸ್ ಮತ್ತು ಜಾನ್ ಲಾಯ್ಡ್ ಸೇರಿ ಊರುಗಳ ಹೆಸರಿಗೆ ಹೊಸ ಅರ್ಥ ಕೊಡುವ ಪುಟ್ಟ ನಿಘಂಟು ತಂದರು. ಬದುಕಿನಲ್ಲಿ ನಮಗೆಲ್ಲ ಆಗುವ, ಆದರೆ ಹೆಸರಿಲ್ಲದ ಸಣ್ಣ ಸಣ್ಣ ಅನುಭವಗಳು ಎಷ್ಟೋ ಇವೆ. ಬೋರ್ಡಿನ ಮೇಲೆ ನಿಂತು ಊರು ತೋರಿಸುವುದು ಬಿಟ್ಟರೆ ಬೇರೆ ಕೆಲಸವಿಲ್ಲದ ಹೆಸರುಗಳೂ ಎಷ್ಟೋ ಇವೆ. ಇವೆರಡಕ್ಕೂ ಗಂಟು ಹಾಕಿದರೆ ಹೇಗೆ ಎಂಬುದು ಅವರ ಹಂಚಿಕೆ. ಅವರು ಊರಿನ ಹೆಸರಿನಲ್ಲಿ ಮಾಡಿದ ಕೆಲಸಕ್ಕೆ ನಮ್ಮಲ್ಲಿ ಅಡ್ಡಹೆಸರುಗಳೇ ಸಾಕು.

ಮಾದರಿಗೆ ಒಂದಷ್ಟು ನಾವೇ ಹೊಸೆದು ನೋಡೋಣ. ಕುಲಕರ್ಣಿ: ಕುಲದ ಕಿವಿ, ಊರ ಸುದ್ದಿ ಮೊದಲು ತಲುಪುವ ಜಾಗ. (ಕರ್ಣಕ್ಕೂ ಕರಣಿಕನಿಗೂ ಇರುವ ವ್ಯತ್ಯಾಸ ಬಲ್ಲ ಕುಲಕರ್ಣಿಯವರು ದಯವಿಟ್ಟು ಪತ್ರ ಬರೆಯಬೇಡಿ.) ಅಡಿಗ: ಹನ್ನೆರಡು ಅಂಗುಲದ ಆಸಾಮಿ. ಉರಾಳ: ಊರಾಳಲು ಹೊರಟು ದೀರ್ಘವನ್ನು ದಾರಿಯಲ್ಲಿ ಕಳೆದುಕೊಂಡವನು. ಹಂದೆ: ಹಿಂದೆಯೂ ನಿಲ್ಲದ, ಮುಂದೆಯೂ ಬಾರದ ಮನುಷ್ಯ. ಬಾಯಿರಿ: ‘ಬಾಯಿ ಮುಚ್ಚಿಕೊಂಡಿರಿ’ ಎಂಬುದರ ಸಂಕ್ಷಿಪ್ತ ರೂಪ. ಮಧ್ಯಸ್ಥ: ಗಂಡ ಹೆಂಡಿರ ಜಗಳದಲ್ಲಿ ಎರಡೂ ಕಡೆಯಿಂದ ಪೆಟ್ಟು ತಿನ್ನುವವನು. ಕಿಣಿ: ನಾಣ್ಯದ ಸದ್ದು. ಪೈ: ಒಂದು ಕಾಲದಲ್ಲಿ ರೂಪಾಯಿಗೆ 192 ಸಿಗುತ್ತಿತ್ತು, ಈಗ ಒಬ್ಬ ಪೈಯವರು ಸಿಗಬೇಕಾದರೂ ಅಪಾಯಿಂಟ್‌ಮೆಂಟ್ ಬೇಕು.

ಕೊನೆಯ ಅರ್ಥದಲ್ಲಿ ತಮಾಷೆಯ ಜೊತೆ ಸ್ವಲ್ಪ ನಿಜವೂ ಇದೆ. ಅಣೆಗೆ ಹನ್ನೆರಡು ಪೈ, ರೂಪಾಯಿಗೆ ಹದಿನಾರಾಣೆ ಇದ್ದ ಕಾಲದ ಗುಣಾಕಾರ ಮರೆತವರಿಗೆ 192ರ ನಗು ಅರ್ಧವೇ ದಕ್ಕುತ್ತದೆ. ಅನರ್ಥ ಹುಟ್ಟಬೇಕಾದರೆ ಅರ್ಥ ಗೊತ್ತಿರಬೇಕು. ಈ ಎಂಟು ದಶಕದ ಪಟ್ಟಿ ನೋಡಿದರೆ ನಮಗೆ ಮತ್ತೆ ಮತ್ತೆ ಕಾಣುವುದು ಇದೇ. ಪದಗಳ ಜೊತೆ ತುಂಟಾಟ ಆಡಿದ ದೊಡ್ಡವರೆಲ್ಲ ಪದಗಳನ್ನು ಗಂಭೀರವಾಗಿ ತಿಳಿದವರೇ.

ಪಾಡಿಗಾರು ವೆಂಕಟರಮಣ ಆಚಾರ್ಯರನ್ನೇ ನೋಡಿ. ಉಡುಪಿಯ ಕಡೆಯಿಂದ ಹುಬ್ಬಳ್ಳಿಗೆ ಬಂದು, 1956ರಲ್ಲಿ ಆರಂಭವಾದ ‘ಕಸ್ತೂರಿ’ ಮಾಸಪತ್ರಿಕೆಯ ಮೂಲಕ ಕನ್ನಡದ ಮನೆಮನೆ ತಲುಪಿದ ಪಾ.ವೆಂ. ಆಚಾರ್ಯ. ‘ಪದಾರ್ಥ ಚಿಂತಾಮಣಿ’ ಎಂಬ ಅಂಕಣದಲ್ಲಿ ಒಂದೊಂದು ಕನ್ನಡ ಪದದ ಜಾತಕ ಬಿಡಿಸಿಡುತ್ತಿದ್ದವರೂ ಅವರೇ, ‘ಲಾಂಗೂಲಾಚಾರ್ಯ’ ಎಂಬ ಬಾಲದ ಹೆಸರಿಟ್ಟುಕೊಂಡು ಹರಟುತ್ತಿದ್ದವರೂ ಅವರೇ. ಆಚಾರ್ಯನಿಗೆ ಬಾಲ ಕಟ್ಟಿದ್ದು ಬೇರೆ ಯಾರೂ ಅಲ್ಲ, ಸ್ವತಃ ಆಚಾರ್ಯರು. ತನ್ನ ಹೆಸರನ್ನು ತಾನೇ ಗೇಲಿ ಮಾಡಿಕೊಂಡವನಿಗೆ ಇನ್ನೊಬ್ಬರ ಹೆಸರಿನ ಮೇಲೆ ಕೈ ಹಾಕಲು ಪರವಾನಗಿ ಸಿಗುತ್ತದೆ. ಪತ್ರಿಕಾವೃತ್ತಿಯಲ್ಲಿ ಈ ನಿಯಮ ಎಲ್ಲೂ ಬರೆದಿಲ್ಲ, ಆದರೆ ನಡೆದುಕೊಂಡು ಬಂದದ್ದು ಹೀಗೆಯೇ.

ಬೀಚಿಯವರದು ಇನ್ನೂ ಸ್ವಾರಸ್ಯದ ಪ್ರಕರಣ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಅವರ ಪೂರ್ಣ ಹೆಸರು ರಾಯಸಂ ಭೀಮಸೇನರಾವ್. ರಾಯಸ ಎಂದರೆ ಅರಸರ ಕಡೆಯಿಂದ ಹೋಗುವ ಪತ್ರ, ಆಜ್ಞೆ; ಅದನ್ನು ಬರೆಯುವವರು ರಾಯಸದವರು. ವಿಜಯನಗರದ ಕಾಲದಿಂದ ಬಂದ ಬರವಣಿಗೆಯ ಹುದ್ದೆ ಅವರ ಮನೆತನದ ಹೆಸರಿನಲ್ಲೇ ಕೂತಿತ್ತು. ಅವರು ಅದನ್ನು ಪಕ್ಕಕ್ಕಿಟ್ಟು, ಅರ್ಧ ಕನ್ನಡ ಅಕ್ಷರ ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ‘ಬೀಚಿ’ ಎಂದು ಬರೆದುಕೊಂಡರು. ಅರಸರ ಹುಕುಂ ಬರೆಯುವ ವಂಶದ ಹೆಸರು ಹೋಗಿ ಯಾವ ಹುಕುಮನ್ನೂ ಲೆಕ್ಕಿಸದ ಹೆಸರು ಬಂತು. ಪೊಲೀಸ್ ಇಲಾಖೆಯಲ್ಲಿ ಸಂಬಳ ಎಣಿಸುತ್ತಲೇ ತಿಂಮನನ್ನು ಹುಟ್ಟಿಸಿ, ಅವನ ಬಾಯಿಂದ ‘ತಿಮ್ಮಿಕ್ಷನರಿ’ಯನ್ನೂ ಹೇಳಿಸಿದರು. ಪುಸ್ತಕ ತೆರೆಯುವ ಮೊದಲೇ ಶೀರ್ಷಿಕೆ ನಗಿಸುತ್ತದೆ. ಡಿಕ್ಷನರಿಗೆ ತಿಂಮ ಹೊಕ್ಕರೆ ಏನಾಗುತ್ತದೆ ಎಂಬುದನ್ನು ಇದಕ್ಕಿಂತ ಕಡಿಮೆ ಅಕ್ಷರಗಳಲ್ಲಿ ಹೇಳಲಾಗದು. ಉತ್ತರ ಕರ್ನಾಟಕದ ಇಂದಿನ ಹಾಸ್ಯಸಂಜೆಗಳ ವೇದಿಕೆಯಲ್ಲಿ, ಗಂಗಾವತಿ ಪ್ರಾಣೇಶರಿಂದ ಹಿಡಿದು ಹೊಸ ಹುಡುಗರವರೆಗೆ, ಬೀಚಿ ಹೆಸರು ಎತ್ತದೆ ಮಾತು ಮುಗಿಸುವವರು ಕಡಿಮೆ.

ಹೆಸರನ್ನೇ ಕತ್ತರಿಸಿ ಹೊಸ ಪದ ಮಾಡುವ ಕಲೆಯಲ್ಲಿ ಕನ್ನಡ ಸಾಹಿತ್ಯವೇ ಒಂದು ಕಾರ್ಖಾನೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಕುವೆಂಪು ಆದರು, ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ ತರಾಸು ಆದರು, ಪಾಟೀಲ ಪುಟ್ಟಪ್ಪ ಪಾಪು ಆದರು. ತೊಂಬತ್ತು ದಾಟಿದ ಮೇಲೂ ಸರ್ಕಾರಗಳ ಕಿವಿ ಹಿಂಡುತ್ತಿದ್ದ ಆ ಗಟ್ಟಿಗರನ್ನು ನಾಡೆಲ್ಲ ‘ಪಾಪು’ ಎನ್ನುತ್ತಿತ್ತು. ಯಾರಿಗೂ ನಗು ಬರುತ್ತಿರಲಿಲ್ಲ. ಚಂದ್ರಶೇಖರ ಪಾಟೀಲರು ಚಂಪಾ ಆದಾಗ ಹೂವಿನ ಹೆಸರಿನ ಒಳಗೆ ಮುಳ್ಳು ಇದೆ ಎಂಬುದು ಓದಿದವರಿಗೆ ಗೊತ್ತಾಯಿತು. ಲಂಕೇಶರು 1980ರಲ್ಲಿ ಪತ್ರಿಕೆ ಆರಂಭಿಸಿದ ಮೇಲೆ ಈ ಕತ್ತರಿ ಸಾಹಿತಿಗಳನ್ನು ಬಿಟ್ಟು ರಾಜಕಾರಣಿಗಳತ್ತ ತಿರುಗಿತು. ಮುಖ್ಯಮಂತ್ರಿ ಗುಂಡೂರಾಯರು ‘ಗುಂ’ ಆದರು. ಒಂದು ಅನುಸ್ವಾರ ಒಂದು ಸರ್ಕಾರದ ಗತ್ತನ್ನು ಇಳಿಸಬಲ್ಲದು ಎಂದು ಆಗ ಕನ್ನಡಿಗರು ಕಂಡರು.

ಪದ ಮುರಿದು ಕಟ್ಟುವುದನ್ನು ಪತ್ರಿಕೆಯ ದಿನದ ಕೆಲಸವನ್ನಾಗಿ ಮಾಡಿದವರು ವೈಎನ್ಕೆ. ಪ್ರಜಾವಾಣಿಯ, ಆಮೇಲೆ ಕನ್ನಡಪ್ರಭದ ಸಂಪಾದಕರಾಗಿದ್ದ ಅವರಿಗೆ ಇಂಗ್ಲಿಷ್, ಕನ್ನಡ ಎರಡೂ ಒಂದೇ ಜೇಬಿನ ಚಿಲ್ಲರೆ. ‘ವಂಡರ್ ಕಣ್ಣು’ ಎಂಬ ಅಂಕಣದ ಹೆಸರಿನಲ್ಲೇ ಎರಡು ಭಾಷೆ ಕಣ್ಣು ಹೊಡೆದುಕೊಳ್ಳುತ್ತವೆ. ಅವರು 1999ರಲ್ಲಿ ತೀರಿಕೊಂಡ ಮೇಲೆ ಕನ್ನಡ ದಿನಪತ್ರಿಕೆಗಳ ತಲೆಬರಹದಲ್ಲಿ ಪನ್ನು ಸಾರ್ವತ್ರಿಕವಾಯಿತು. ಎಷ್ಟೋ ಸಲ ಸುದ್ದಿ ಸತ್ತು ಪನ್ನು ಮಾತ್ರ ಉಳಿಯುವಷ್ಟು. ಅಮೆರಿಕದಲ್ಲಿ ಕೂತು ಬರೆಯುವ ಶ್ರೀವತ್ಸ ಜೋಶಿಯವರು ತಮ್ಮ ಅಂಕಣವನ್ನು ‘ವಿಚಿತ್ರಾನ್ನ’ ಎಂದು ಕರೆದಾಗ ಮಾತ್ರ ಹಳೆಯ ಹದ ಸಿಕ್ಕಿತು: ಚಿತ್ರಾನ್ನಕ್ಕೆ ಒಂದೇ ಒಂದು ‘ವಿ’ ಒಗ್ಗರಣೆ.

ಇದು ಬರೆಹಗಾರರ ಲೆಕ್ಕವಾಯಿತು. ನಿಜವಾದ ಉತ್ಪಾದನೆ ಬೀದಿಯಲ್ಲೇ. ಮೋಸ ಹೋದೆ ಎನ್ನಲು ನಮ್ಮ ಭಾಷೆಯಲ್ಲಿ ಎಷ್ಟು ದಾರಿಗಳಿವೆ ನೋಡಿ: ನಾಮ, ಪಂಗನಾಮ, ಉಂಡೆನಾಮ, ಟೋಪಿ, ಅದರಲ್ಲೂ ಉತ್ತಮ ದರ್ಜೆಯದು ಮಕ್ಮಲ್ ಟೋಪಿ, ಚಿಪ್ಪು, ಚೊಂಬು. ಸುಳ್ಳಿಗೆ ಬುರುಡೆ, ಬೊಗಳೆ, ಓಳು, ರೈಲು, ಜೊತೆಗೆ ಕಾಗೆ ಹಾರಿಸುವುದು. ಹೊಗಳಿ ಕೆಲಸ ಸಾಧಿಸುವವರ ಕೈಗೆ ಬಕೆಟ್. ಇಷ್ಟು ಶ್ರೀಮಂತವಾದ ಶಬ್ದಸಂಪತ್ತು ಪ್ರಾಮಾಣಿಕತೆಗೆ ಯಾಕೆ ಸಿಕ್ಕಿಲ್ಲ ಎಂದು ಕೇಳುವವರು ಸ್ವಲ್ಪ ದಿನ ಯಾವುದಾದರೂ ಕಚೇರಿಗೆ ಅಲೆದು ಬರಲಿ. 2024ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷ ಕೇಂದ್ರ ಸರ್ಕಾರದ ವಿರುದ್ಧ ಪತ್ರಿಕೆಗಳಲ್ಲಿ ಚೊಂಬಿನ ಜಾಹೀರಾತು ಹಾಕಿತು. ಮಾತೇ ಬೇಕಾಗಲಿಲ್ಲ, ಚಿತ್ರ ಸಾಕಾಯಿತು. ಎದುರು ಪಕ್ಷದವರೂ ಅದೇ ಚೊಂಬು ಹಿಡಿದು ಉತ್ತರ ಕೊಟ್ಟರು. ಬೀದಿಯ ಪದ ಪ್ರಚಾರದ ಪೂರ್ಣಪುಟಕ್ಕೆ ಏರಿದ ದಿನವದು.

ಬೀದಿಯ ಈ ಪದಗಳ ಗುಣವೆಂದರೆ ಅವು ಹುಟ್ಟಿದ ಮನೆಯನ್ನು ಮರೆತುಬಿಡುತ್ತವೆ. ‘ಸಖತ್’ ಎನ್ನುವುದು ಪಾರಸಿಯಿಂದ ಬಂದಾಗ ಅದರ ಅರ್ಥ ಗಟ್ಟಿ, ಕಠಿಣ ಎಂದಿತ್ತು. ಬೆಂಗಳೂರಿನಲ್ಲಿ ಅದು ಮೆತ್ತನೆಯ ದೋಸೆಗೂ ಸಲ್ಲುತ್ತದೆ. ‘ಚಿಂದಿ’ ಹರಕು ಬಟ್ಟೆ. ಇಂದು ಹುಡುಗರ ಬಾಯಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆ ಇಲ್ಲ. ಇಂಗ್ಲಿಷಿನ ಬೋರು ಕನ್ನಡಕ್ಕೆ ಬಂದು ಕೊರೆತವಾದದ್ದಂತೂ ಭಾಷಾಂತರದ ಮಹಾನ್ ಅಪಘಾತಗಳಲ್ಲಿ ಒಂದು. ಎರಡು ಬೇರೆ ಬೇರೆ ಬೋರುಗಳನ್ನು ಯಾರೋ ಅದಲು ಬದಲು ಮಾಡಿದ್ದಾರೆ, ಅದರಿಂದ ಇಂಗ್ಲಿಷಿಗಿಂತ ಒಳ್ಳೆಯ ಪದವೇ ಹುಟ್ಟಿದೆ. ಭಾಷಣಕಾರ ನಿಜಕ್ಕೂ ತಲೆಯಲ್ಲಿ ತೂತು ಕೊರೆಯುತ್ತಿರುವ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಬಡಗಿಯ ಕೈಯಲ್ಲಿ ತೂತು ಕೊರೆಯುವ ಗಿರ್ಮಿಟ್ ಹುಬ್ಬಳ್ಳಿಯ ಗಾಡಿಯಲ್ಲಿ ಚುರುಮುರಿಯಾಗಿ, ಮೇಲೊಂದು ಮೆಣಸಿನಕಾಯಿ ಬಜ್ಜಿಯೊಂದಿಗೆ ಕಾಗದದಲ್ಲಿ ಬರುತ್ತದೆ. ಸಿನಿಮಾದವರು ಈ ಸಂತೆಗೆ ತಡವಾಗಿ ಬಂದರೂ ಭರ್ಜರಿಯಾಗಿ ಬಂದರು. ಯೋಗರಾಜ ಭಟ್ಟರ ‘ಪಂಚರಂಗಿ’ 2010ರಲ್ಲಿ ತೆರೆಕಂಡಾಗ ಸಿಕ್ಕ ಸಿಕ್ಕ ಪದಕ್ಕೆಲ್ಲ ‘ಗಳು’ ಹಚ್ಚಿ ಮಾತಾಡುವ ರೋಗ ಕಾಲೇಜು ಕ್ಯಾಂಟೀನುಗಳಿಗೆ ತಗುಲಿತು. ಬಹುವಚನವನ್ನು ವ್ಯಾಕರಣದ ಮೇಷ್ಟರಿಗಿಂತ ಚೆನ್ನಾಗಿ ಆ ಸಿನಿಮಾ ಕಲಿಸಿತು ಎಂದರೆ ವ್ಯಂಗ್ಯವಲ್ಲ.

ಗಂಭೀರವಾಗಿ ಸೃಷ್ಟಿಸಿದ ಪದಗಳ ಗತಿ ಇದಕ್ಕೆ ತದ್ವಿರುದ್ಧ. ಮೊಬೈಲಿಗೆ ‘ಜಂಗಮವಾಣಿ’ ಎಂದು ನಾಮಕರಣ ಮಾಡಿದವರ ಮನಸ್ಸಿನಲ್ಲಿ ವಚನಕಾರರ ಸ್ಥಾವರ ಜಂಗಮಗಳಿದ್ದವು. ಜನ ಕೇಳಿ ಕೈಮುಗಿದು, ಪದವನ್ನು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಬಾಯಲ್ಲಿ ಮೊಬೈಲು ಎಂದೇ ಉಳಿಸಿಕೊಂಡರು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರ ವಿಚಾರಗಳನ್ನು ಮೆಚ್ಚಿದ ಹೊಸ ತಲೆಮಾರು ಎಲ್ಲರಕನ್ನಡದ ಹೆಸರಿನಲ್ಲಿ ಮಿಂಬಲೆ (ಇಂಟರ್ನೆಟ್), ಮಿಂಚೆ (ಇಮೇಲ್), ಅಲೆಯುಲಿ (ಮೊಬೈಲ್) ಎಂಬ ಪದಗಳನ್ನು ಕಟ್ಟಿತು. ಅವು ಜೋಕೆಂದು ಹುಟ್ಟಿದವಲ್ಲ, ಶ್ರಮದಿಂದ ಹುಟ್ಟಿದವು. ಆದರೂ ಕೇಳಿದವರಲ್ಲಿ ಹೆಚ್ಚಿನವರು ನಕ್ಕರು. ನಗುವವರಿಗೆ ನಮ್ಮದೊಂದು ಮಾತು: ‘ಆಕಾಶವಾಣಿ’ ಎಂಬುದನ್ನೂ ಮೊದಲ ದಿನ ಕೇಳಿದವರಿಗೆ ಕಂಸನ ನೆನಪಾಗಿ ನಗು ಬಂದಿದ್ದರೆ ಆಶ್ಚರ್ಯವಿಲ್ಲ. ಮಿಂಚೆ ಇವತ್ತಲ್ಲ ನಾಳೆ ಉಳಿದೀತು. ಅಲೆಯುಲಿಯ ಬಗ್ಗೆ ನಮಗೆ ಅಷ್ಟು ಭರವಸೆ ಇಲ್ಲ.

ಈಗ ಅಡ್ಡಹೆಸರುಗಳಿಗೆ ಹಿಂತಿರುಗೋಣ. ಅವು ನಗಿಸುತ್ತವೆ ಎಂಬುದು ಎಲ್ಲರಿಗೂ ಗೊತ್ತು, ಅವು ಸತ್ತ ಉದ್ಯೋಗಗಳ ಮ್ಯೂಜಿಯಂ ಎಂಬುದು ನೆನಪಾಗುವುದಿಲ್ಲ. ಕುಲಕರ್ಣಿ, ಪಾಟೀಲ, ದೇಶಪಾಂಡೆ, ನಾಡಗೌಡ, ತಳವಾರ, ವಾಲಿಕಾರ ಇವೆಲ್ಲ ಒಂದು ಕಾಲದಲ್ಲಿ ವಂಶಪಾರಂಪರ್ಯದ ಹುದ್ದೆಗಳು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾನೂನಿನಂಥವು ಬಂದು ಹುದ್ದೆ ಹೋಯಿತು, ಜಮೀನಿನ ಇನಾಮು ಹೋಯಿತು, ಹೆಸರು ಮಾತ್ರ ಉಳಿಯಿತು. ಕೋಟೆಯಿಲ್ಲದ ಕಿಲ್ಲೇದಾರರು, ಅತ್ತರು ಮಾರದ ಅತ್ತಾರರು, ಹತ್ತಿ ಹಿಂಜದ ನದಾಫರು, ವೀಳ್ಯದೆಲೆ ಮುಟ್ಟದ ತಾಂಬೋಳಿಗಳು ಇಂದು ಬೆಂಗಳೂರಿನ ಕಂಪನಿಗಳಲ್ಲಿ ಕೋಡ್ ಬರೆಯುತ್ತಿದ್ದಾರೆ. ಸಂಡೂರಿನ ಅರಸು ಮನೆತನದ ‘ಘೋರ್ಪಡೆ’ ಎಂಬ ಹೆಸರಿನ ಹಿಂದೆ ಉಡದ ಕಥೆಯಿದೆ. ಪೂರ್ವಜನೊಬ್ಬ ಉಡಕ್ಕೆ ಹಗ್ಗ ಕಟ್ಟಿ ಕೋಟೆಗೋಡೆ ಹತ್ತಿದನಂತೆ. ಐತಿಹ್ಯವೋ ಇತಿಹಾಸವೋ, ಇಷ್ಟು ಗಟ್ಟಿಯಾಗಿ ಹಿಡಿದುಕೊಂಡ ಹೆಸರು ಉಡದಿಂದಲೇ ಬಂದಿರಬೇಕು ಎಂದು ನಮಗೂ ಅನ್ನಿಸುತ್ತದೆ.

ಊರಿನ ಹೆಸರುಗಳದ್ದು ಇನ್ನೊಂದು ತಮಾಷೆ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಹೆಸರು ಅಧಿಕೃತವಾಗಿ ಬದಲಾಯ್ತು, ಬಿಜಾಪುರ ವಿಜಯಪುರವಾಯಿತು. ಆದರೆ ಬಿಜಾಪುರ ಎಂಬ ಅಡ್ಡಹೆಸರಿನವರು ಬಿಜಾಪುರರಾಗಿಯೇ ಉಳಿದರು. ಊರು ಹೋದರೂ ಊರ ಹೆಸರನ್ನು ಹೊತ್ತು ತಿರುಗುತ್ತಿರುವ ಮನೆಗಳಿವು. ಹಳೇ ಮೈಸೂರಿನವರಿಗೆ ಈ ತೊಂದರೆಯಿಲ್ಲ. ಅವರ ಊರು ಒಂದು ಇನಿಷಿಯಲ್ಲಿನೊಳಗೆ ಬೆಚ್ಚಗೆ ಕೂತಿರುತ್ತದೆ. ತೊಂದರೆ ಶುರುವಾಗುವುದು ಪಾಸ್‌ಪೋರ್ಟ್ ಅರ್ಜಿಯಲ್ಲಿ. ಇನಿಷಿಯಲ್ ಬಿಡಿಸಿ ಎಂದರೆ ಊರು ಹೊರಬರುತ್ತದೆ, ಊರೇ ಮೊದಲ ಹೆಸರಾಗುತ್ತದೆ, ಪರದೇಶದ ಆಸ್ಪತ್ರೆಯಲ್ಲಿ ನರ್ಸಮ್ಮ ‘ಮಿಸ್ಟರ್ ಚನ್ನರಾಯಪಟ್ಟಣ’ ಎಂದು ಕೂಗುತ್ತಾಳೆ. ಒಂದು ತಾಲ್ಲೂಕು ಎದ್ದು ಒಳಗೆ ಹೋಗುತ್ತದೆ. ಒಂಟಿ ಹೆಸರಿನವರ ಪಾಡು ಇನ್ನೂ ವಿಚಿತ್ರ. ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ, ಮೊದಲ ಹೆಸರು ತಿಳಿದಿಲ್ಲ ಎಂದರ್ಥ. ಅಲ್ಲಿನ ಬ್ಯಾಂಕು, ಜಿಮ್ಮು, ಗ್ರಂಥಾಲಯಗಳು ಅದನ್ನೇ ಹೆಸರೆಂದು ತಿಳಿದು ‘ಡಿಯರ್ ಫ್ನು’ ಎಂದು ಪತ್ರ ಬರೆಯುತ್ತವೆ. 2022ರ ನವೆಂಬರಿನಲ್ಲಿ ಅರಬ್ ಸಂಯುಕ್ತ ಸಂಸ್ಥಾನ ಒಂಟಿ ಹೆಸರಿನ ಪಾಸ್‌ಪೋರ್ಟ್ ಹಿಡಿದು ಬರುವ ಪ್ರವಾಸಿಗರಿಗೆ ಬಾಗಿಲು ಹಾಕಿದ ಮೇಲೆ ಎಷ್ಟೋ ಮಂದಿ ಅಪ್ಪನ ಹೆಸರನ್ನೋ ಊರನ್ನೋ ತುರ್ತಾಗಿ ಅಡ್ಡಹೆಸರು ಮಾಡಿಕೊಂಡರು. ಹೊಸ ಅಡ್ಡಹೆಸರುಗಳು ಹುಟ್ಟುತ್ತಿಲ್ಲ ಎನ್ನುವವರಿಗೆ ಇದು ಉತ್ತರ.

ಯಾರೂ ಉದ್ದೇಶಿಸದ ಅನರ್ಥಕೋಶವೊಂದು ಈಗ ಸರ್ಕಾರಿ ಕಂಪ್ಯೂಟರುಗಳಲ್ಲಿ ತಯಾರಾಗುತ್ತಿದೆ. ಕನ್ನಡದ ಹೆಸರನ್ನು ಮೊದಲು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಾರೆ. ಆಮೇಲೆ ತಂತ್ರಾಂಶ ಅದನ್ನು ಕನ್ನಡಕ್ಕೆ ಮರಳಿಸುತ್ತದೆ. ಹೋಗುವಾಗ ಹಳ್ಳಿಯಾಗಿದ್ದದ್ದು ಬರುವಾಗ ಹಲ್ಲಿಯಾಗುತ್ತದೆ. ಕಟ್ಟಿಮನಿ ಕತ್ತಿಮಣಿಯಾಗಿ ಶಸ್ತ್ರಸಜ್ಜಿತವಾಗುತ್ತದೆ. ಮಾಳಿ ಮಾಲಿಯಾಗುತ್ತಾನೆ. ಕಸ್ತೂರಿಯವರು ತಲೆ ಕೆರೆದುಕೊಂಡು ಮಾಡುತ್ತಿದ್ದ ಕೆಲಸವನ್ನು ಯಂತ್ರ ನಿದ್ದೆಗಣ್ಣಿನಲ್ಲಿ ಮಾಡಿ ಮುಗಿಸುತ್ತದೆ. ವ್ಯತ್ಯಾಸವೆಂದರೆ ಕಸ್ತೂರಿಯವರ ಅನರ್ಥವನ್ನು ತಿದ್ದಿಸಲು ಯಾರೂ ಅಫಿಡವಿಟ್ ಮಾಡಿಸಬೇಕಾಗಿರಲಿಲ್ಲ, ಪತ್ರಿಕೆಯಲ್ಲಿ ‘ಎರಡೂ ಹೆಸರಿನ ವ್ಯಕ್ತಿ ನಾನೊಬ್ಬನೇ’ ಎಂದು ದುಡ್ಡು ಕೊಟ್ಟು ಪ್ರಕಟಿಸಬೇಕಾಗಿರಲಿಲ್ಲ. ನಮ್ಮ ಪತ್ರಿಕೆಗಳ ವರ್ಗೀಕೃತ ಜಾಹೀರಾತಿನ ಪುಟವನ್ನು ಹಾಸ್ಯವೆಂದು ಓದಬೇಡಿ. ಅಲ್ಲಿ ಪಿಂಚಣಿ ನಿಂತವರಿದ್ದಾರೆ.

ಖರ್ಚಿನ ಕಲಮಿನಲ್ಲಿ ಇನ್ನೂ ಒಂದನ್ನು ಬರೆಯಲೇಬೇಕು. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಬಾಯಿಬಿಟ್ಟರೆ ಜಾತಿ ಹೊರಗೆ. ‘ನಿಮ್ಮ ಅಡ್ಡಹೆಸರೇನ್ರಿ?’ ಎಂಬ ಪ್ರಶ್ನೆಯ ಹಿಂದೆ ಕುತೂಹಲ ಎಷ್ಟು, ತಕ್ಕಡಿ ಎಷ್ಟು ಎಂದು ಕೇಳಿಸಿಕೊಂಡವರಿಗೆ ಗೊತ್ತು. ದಕ್ಷಿಣದವರು ತಮ್ಮಲ್ಲಿ ಅಡ್ಡಹೆಸರಿಲ್ಲ ಎಂದು ಬೀಗಬೇಕಾಗಿಲ್ಲ. ‘ನೀವು ಯಾವ ಕಡೆಯವರು?’ ಎಂದು ಸುತ್ತು ಬಳಸಿ ಅದೇ ತಕ್ಕಡಿ ಎತ್ತುತ್ತಾರೆ. ತುಪ್ಪದವರನ್ನೋ ಮೆಣಸಿನಕಾಯಿಯವರನ್ನೋ ನಗಿಸಿದ ಹಾಜರಿಯ ಜೋಕು, ಕಸುಬಿನ ಹೆಸರು ಹೊತ್ತ ಹಿಂದಿನ ಬೆಂಚಿನ ಹುಡುಗನ ಸರದಿ ಬಂದಾಗ ಬೇರೆಯೇ ಆಗುತ್ತದೆ. ತರಗತಿ ಅಷ್ಟೇ ಜೋರಾಗಿ ನಗುತ್ತದೆ, ಅವನು ನಗುವುದಿಲ್ಲ. ಎಷ್ಟೋ ಮಕ್ಕಳು ಹತ್ತನೇ ತರಗತಿಯ ಅಂಕಪಟ್ಟಿಗೆ ಮೊದಲೇ ಅಡ್ಡಹೆಸರು ಕಿತ್ತುಹಾಕಿಸಿಕೊಂಡದ್ದು ಈ ನಗುವಿನ ಬಾಬತ್ತಿನಲ್ಲೇ. ಹಾಸ್ಯಸಂಜೆಗಳ ಕೆಲವು ಭಾಷಣಕಾರರು ಈ ಗೆರೆಯನ್ನು ಈಗಲೂ ಬೇಕೆಂದೇ ದಾಟುತ್ತಾರೆ, ಚಪ್ಪಾಳೆಯೂ ಬೀಳುತ್ತದೆ. ಹೆಸರಿನ ಸದ್ದಿಗೆ ನಗುವುದು ಒಂದು, ಹೆಸರು ಹೇಳುವ ಹುಟ್ಟಿಗೆ ನಗುವುದು ಇನ್ನೊಂದು. ಕೊರವಂಜಿಯಿಂದ ವೈಎನ್ಕೆವರೆಗೆ ಒಳ್ಳೆಯವರೆಲ್ಲ ಮೊದಲನೆಯದಕ್ಕೆ ನಿಂತರು. ಅವರ ಹೆಸರು ಹೇಳಿಕೊಂಡು ಎರಡನೆಯದನ್ನು ಮಾಡುವವರನ್ನು ನಾವು ಹಾಸ್ಯಗಾರರ ಪಟ್ಟಿಗೆ ಸೇರಿಸುವುದಿಲ್ಲ.

ಇನ್ನು ಬಾಕಿ. ಕಿಟ್ಟೆಲ್ 1894ರಲ್ಲಿ ತನ್ನ ನಿಘಂಟು ಮುಗಿಸಿದಾಗ ಗ್ರಂಥದ ಪದಗಳ ಜೊತೆಗೆ ಜನರ ಬಾಯಿಯ ಗಾದೆಗಳಿಗೂ ಜಾಗ ಕೊಟ್ಟಿದ್ದ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು 1995ರಲ್ಲಿ ಪೂರ್ಣವಾಯಿತು. ಅದರ ಹಿಂದಿದ್ದ ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕಳಿಸಿದ ಎಂಥ ಬೀದಿಪದಕ್ಕೂ ಮುಖ ಸಿಂಡರಿಸದೆ ಉತ್ತರ ಕೊಟ್ಟರು. ನೂರೇಳು ವರ್ಷ ಬಾಳಿ 2021ರಲ್ಲಿ ಹೋದರು. ಅವರ ಹಾಗೆ ಪದದ ಎದುರು ಕೂತು, ಎಲ್ಲಿಂದ ಬಂದೆ ಎಂದು ವಿಚಾರಿಸುವವರು ಈಗ ಬೆರಳೆಣಿಕೆ. ವಾಟ್ಸ್ಆ್ಯಪಿನಲ್ಲಿ ದಿನಕ್ಕೊಂದು ಅನರ್ಥ ಹುಟ್ಟುತ್ತದೆ, ಹೆಚ್ಚಿನವಕ್ಕೆ ತಂದೆಯ ಹೆಸರಿಲ್ಲ, ವಾರದೊಳಗೆ ಸಾಯುತ್ತವೆ. ಸಾಯಲಿ, ಹೆಚ್ಚಿನವು ಸಾಯಬೇಕಾದವೇ. ಆದರೆ ಓಳು, ಗಿರ್ಮಿಟ್, ಉಂಡೆನಾಮಗಳಂಥ ಗಟ್ಟಿ ಪದಗಳು ಯಾವ ಊರಲ್ಲಿ, ಯಾವ ಅರ್ಥದಲ್ಲಿ, ಯಾರ ಬಾಯಲ್ಲಿ ಇದ್ದವು ಎಂಬ ದಾಖಲೆ ಇಲ್ಲದೆ ಹೋದರೆ ಮುಂದಿನ ಕಸ್ತೂರಿಗೆ ತಿರುಚಲು ಏನೂ ಉಳಿಯುವುದಿಲ್ಲ. ಅಡ್ಡಹೆಸರುಗಳದ್ದೂ ಇದೇ ಸ್ಥಿತಿ. ಮೆಣಸಿನಕಾಯಿಯವರ ಮುತ್ತಜ್ಜ ಮೆಣಸಿನಕಾಯಿ ಬೆಳೆದನೋ, ಮಾರಿದನೋ, ಅಥವಾ ಪಂದ್ಯ ಕಟ್ಟಿ ಒಂದು ಸೇರು ತಿಂದನೋ ಎಂಬುದು ಗೊತ್ತಿರುವ ಅಜ್ಜಿಗೆ ಈಗ ವಯಸ್ಸಾಗಿದೆ.

ಓದುಗರಲ್ಲಿ ನಮ್ಮ ಕೋರಿಕೆ ಇಷ್ಟು. ನಿಮ್ಮ ಮನೆತನದ ಹೆಸರು ಹೇಗೆ ಬಂತು ಎಂದು ಮನೆಯ ಹಿರಿಯರನ್ನು ಈ ತಿಂಗಳೊಳಗೆ ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ, ಊರು ಮತ್ತು ಇಸವಿ ಸಮೇತ ಒಂದು ಹಾಳೆಯಲ್ಲಿ ಬರೆದಿಡಿ. ನಿಮ್ಮೂರಿನವರು ಮಾತ್ರ ಬಳಸುವ ಒಂದೆರಡು ಬೀದಿಪದಗಳನ್ನೂ ಅದರ ಕೆಳಗೆ ಸೇರಿಸಿ. ಅರ್ಥವನ್ನು ಸರಿಯಾಗಿ ಬರೆಯಿರಿ. ಅನರ್ಥವನ್ನು ಆಮೇಲೆ ನೋಡಿಕೊಳ್ಳೋಣ.